ಅನುವಂಶೀಯತೆ: ಶಿಕಾರಿಪುರ–ಸೊರಬ ಸೀಮೆಯ ನಿದರ್ಶನಗಳಲ್ಲಿ

ಅನುವಂಶೀಯತೆ ಎಂದರೆ ಜೀವಿಗಳ ಲಕ್ಷಣಗಳು ಜೀನ್‌ಗಳ ಮೂಲಕ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುವ ಕ್ರಮ. ಜೀನ್‌ಗೆ ವಂಶವಾಹಿ ಎಂಬ ಹೆಸರೂ ಕನ್ನಡದಲ್ಲಿ ಬಳಕೆಯಲ್ಲಿದೆ. ‘ಅಜ್ಜನ ಮೂಗು ಮೊಮ್ಮಗನಿಗೆ ಬಂದಿದೆ’ ಎಂದು ಮನೆಮಂದಿ ಹೇಳುತ್ತಾರೆ. ನಿಜಕ್ಕೂ ಬಂದಿರುವುದು ಮೂಗನ್ನು ರೂಪಿಸುವ ಹಲವು ಜೀನ್‌ಗಳಲ್ಲಿ ಒಂದು ಪಾಲು. ಉಳಿದ ಪಾಲು ಬೇರೆ ಮೂರು ಅಜ್ಜ–ಅಜ್ಜಿಯರದು. ಲಕ್ಷಣ ಬೇರೆ, ಅದನ್ನು ಕಟ್ಟುವ ಸೂಚನೆ ಬೇರೆ. ಈ ಒಂದು ಭೇದ ಹಿಡಿತಕ್ಕೆ ಸಿಕ್ಕರೆ ವಿಷಯದ ಗಂಟು ಅರ್ಧ ಬಿಚ್ಚಿದಂತೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಬಯಲಿಗೆ ಇಳಿಯುವ ಅಂಚಿನಲ್ಲಿವೆ. ಕುಮುದ್ವತಿ, ವರದಾ, ದಂಡಾವತಿ ಹರಿಯುವ ಈ ಸೀಮೆಯಲ್ಲಿ ಮೆಕ್ಕೆಜೋಳದ ಹೊಲ, ಭತ್ತದ ಗದ್ದೆ, ಅಡಿಕೆ ತೋಟ ಮೂರೂ ಒಂದೇ ದಾರಿಯಲ್ಲಿ ಸಿಗುತ್ತವೆ. ಅನುವಂಶೀಯತೆಯ ಮುಖ್ಯ ನಿಯಮಗಳನ್ನು ಪ್ರಯೋಗಾಲಯಕ್ಕೆ ಹೋಗದೆ ನೋಡಲು ಇಷ್ಟು ಸಾಕು.

ಪಾಲು ಮತ್ತು ಕಲೆಸುವಿಕೆ

ಜೀನ್‌ಗಳು ಡಿಎನ್‌ಎ ಎಂಬ ಉದ್ದನೆಯ ಅಣುವಿನ ಭಾಗಗಳು. ಡಿಎನ್‌ಎ ಸುತ್ತಿಕೊಂಡು ವರ್ಣತಂತುಗಳಾಗಿ ಜೀವಕೋಶದ ಕೇಂದ್ರದಲ್ಲಿರುತ್ತದೆ. ಮನುಷ್ಯನಲ್ಲಿ ವರ್ಣತಂತುಗಳು 46. ತಂದೆಯಿಂದ 23, ತಾಯಿಯಿಂದ 23 ಬಂದು ಜೋಡಿಯಾದವು. ಮಾವಿಗೆ 20 ಜೋಡಿ, ಅಡಿಕೆಗೆ 16 ಜೋಡಿ, ಮೆಕ್ಕೆಜೋಳಕ್ಕೆ 10 ಜೋಡಿ. ಸಂಖ್ಯೆಗೂ ಜೀವಿಯ ಬುದ್ಧಿವಂತಿಕೆಗೂ ಸಂಬಂಧವಿಲ್ಲ.

ವೀರ್ಯಾಣು, ಅಂಡಾಣು, ಪರಾಗದೊಳಗಿನ ಗಂಡು ಕೋಶ ಇವು ತಯಾರಾಗುವಾಗ ಮಿಯಾಸಿಸ್ ಎಂಬ ಅರೆವಿಭಜನೆ ನಡೆಯುತ್ತದೆ. ಪ್ರತಿ ಜೋಡಿಯಿಂದ ಒಂದೇ ವರ್ಣತಂತು ಮುಂದೆ ಹೋಗುತ್ತದೆ. ಅದು ತಂದೆಯ ಕಡೆಯದೋ ತಾಯಿಯ ಕಡೆಯದೋ ಎಂಬುದು ಕವಡೆ ಆಟದಷ್ಟೇ ಆಕಸ್ಮಿಕ. ಮನುಷ್ಯನ 23 ಜೋಡಿಗಳಿಂದ ಹೀಗೆ 83,88,608 ಬಗೆಯ ಲಿಂಗಾಣುಗಳು ಸಾಧ್ಯ. ಅದಲ್ಲದೆ ಬೇರ್ಪಡುವ ಮೊದಲು ಜೋಡಿ ವರ್ಣತಂತುಗಳು ಒಂದಕ್ಕೊಂದು ತಗುಲಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹಾಗಾಗಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಒಂದೇ ಅಚ್ಚಾಗಿರುವುದಿಲ್ಲ. ಒಂದೇ ಭ್ರೂಣ ಎರಡಾಗಿ ಹುಟ್ಟಿದ ಅವಳಿಗಳು ಮಾತ್ರ ಇದಕ್ಕೆ ಹೊರತು.

ಅಪ್ಪೆಮಿಡಿಯ ಗೊರಟು

ಅಪ್ಪೆಮಿಡಿ ಉಪ್ಪಿನಕಾಯಿಗೆಂದೇ ಹೆಸರಾದ ಮಲೆನಾಡಿನ ಕಾಡುಮಾವು. ಹೊಳೆದಂಡೆಯಲ್ಲಿ, ಹಳ್ಳದ ಬದಿಯಲ್ಲಿ ತಾನಾಗಿ ಬೆಳೆದ ಮರಗಳು. ಮಿಡಿಯ ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ. ಆ ಸೊನೆಯ ವಾಸನೆಯಲ್ಲೇ ಮರದ ಗುರುತು. ಒಂದರದು ಜೀರಿಗೆಯ ಘಮ, ಇನ್ನೊಂದರದು ಕರ್ಪೂರದ್ದು. ಜೀರಿಗೆ ಮಿಡಿ, ಮಾಳಂಜಿ, ಅನಂತಭಟ್ಟನ ಅಪ್ಪೆ ಎಂದು ಮರಗಳಿಗೇ ಹೆಸರಿಟ್ಟು, ಯಾವ ಮಿಡಿ ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಮೆತ್ತಗಾಗದೆ ನಿಲ್ಲುತ್ತದೆ ಎಂದು ನೆನಪಿಟ್ಟುಕೊಂಡವರು ಇಲ್ಲಿನ ಹೆಂಗಸರು. ತಳಿವಿಜ್ಞಾನಿಗಳು ತಳಿ ಎಂದು ಪಟ್ಟಿ ಮಾಡುವ ಮೊದಲೇ ಈ ಆಯ್ಕೆ ಭರಣಿಗಳ ಮುಂದೆ ನಡೆದಿತ್ತು.

ಇಂಥ ಮರದ ಹಣ್ಣಿನ ಗೊರಟನ್ನು ಹಿತ್ತಲಲ್ಲಿ ಹುಗಿದವರಿಗೆ ಏಳೆಂಟು ವರ್ಷ ಕಾದ ಮೇಲೆ ಸಿಗುವುದು ಹೆಚ್ಚಾಗಿ ನಿರಾಸೆ. ಮರ ದಷ್ಟಪುಷ್ಟ, ಮಿಡಿ ಸಪ್ಪೆ. ‘ಬೀಜದಂತೆ ವೃಕ್ಷ’ ಎಂಬ ಗಾದೆ ಇಲ್ಲಿ ಕೈಕೊಡುತ್ತದೆ. ಮಾವಿನ ಹೂಗೊಂಚಲಿನಲ್ಲಿ ಬರೀ ಗಂಡು ಹೂಗಳೂ ಇರುತ್ತವೆ, ಗಂಡು–ಹೆಣ್ಣು ಎರಡೂ ಅಂಗವಿರುವ ಹೂಗಳೂ ಇರುತ್ತವೆ. ನೊಣಗಳು ಮತ್ತಿತರ ಸಣ್ಣ ಕೀಟಗಳು ಮರದಿಂದ ಮರಕ್ಕೆ ಪರಾಗ ಒಯ್ಯುತ್ತವೆ. ಗೊರಟಿನೊಳಗಿನ ಭ್ರೂಣಕ್ಕೆ ತಾಯಿಮರದ ಅರ್ಧ ಜೀನ್‌ಗಳು ಮಾತ್ರ. ಉಳಿದರ್ಧ ಯಾವ ಮರದ್ದೋ. ತಾಯಿಯ ಅರ್ಧವೂ ಇಡಿಯಾಗಿ ಬಂದದ್ದಲ್ಲ, ಕಲೆಸಿ ಬಂದದ್ದು. ಆ ಘಮಕ್ಕೆ ಕಾರಣವಾದ ಜೀನ್‌ಗಳ ಕೂಟ ಅಲ್ಲಿ ಚದುರಿರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಪರಾಗ ಯಾವ ಮರದ್ದೇ ಆಗಲಿ, ಆ ವರ್ಷದ ಮಿಡಿಯ ರುಚಿ ಕೆಡುವುದಿಲ್ಲ. ಮಿಡಿಯ ತಿರುಳು, ಸಿಪ್ಪೆ, ಸೊನೆ ಎಲ್ಲ ತಾಯಿಮರದ ಅಂಗಾಂಶ. ಅಪ್ಪನ ಪಾಲು ಇರುವುದು ಒಳಗಿನ ಬೀಜದಲ್ಲಿ ಮಾತ್ರ. ಪಕ್ಕದಲ್ಲಿ ಹುಳಿಮಾವು ಹೂಬಿಟ್ಟಿತೆಂದು ಅಪ್ಪೆಮರದ ಯಜಮಾನ ಹೆದರಬೇಕಿಲ್ಲ.

ಕಸಿ ಕಟ್ಟುವವರು ಈ ಕಲೆಸುವಿಕೆಯನ್ನೇ ತಪ್ಪಿಸುತ್ತಾರೆ. ಯಾವುದೋ ಗೊರಟಿನ ಸಸಿಯನ್ನು ಸೀಳಿ, ಬೇಕಾದ ಮರದ ಕಡ್ಡಿಯನ್ನು ಬೆಣೆಯಂತೆ ಚೂಪಾಗಿಸಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಬೇರು ಒಬ್ಬರದು, ಮೇಲಿನ ಮರ ಇನ್ನೊಬ್ಬರದು. ಮೇಲೆ ಬೆಳೆದದ್ದು ಮೂಲಮರದ ಮಗುವಲ್ಲ, ಆ ಮರವೇ. ಹೊಳೆದಂಡೆಯ ಮೂಲಮರ ಕೊಡಲಿಗೆ ಸಿಕ್ಕಿ ಹೋದರೂ ಅದರ ಕಸಿಗಿಡ ಇರುವ ತನಕ ಆ ಜೀನ್‌ಕೂಟ ಅಳಿಯುವುದಿಲ್ಲ. ಆದರೆ ಕಸಿಯಿಂದ ಹೊಸ ಘಮವೂ ಹುಟ್ಟುವುದಿಲ್ಲ. ಇಂದು ಹೆಸರು ಪಡೆದ ಪ್ರತಿ ಅಪ್ಪೆಯೂ ಒಂದು ಕಾಲದಲ್ಲಿ ಅಪ್ಪ ಯಾರೆಂದು ತಿಳಿಯದ ಗೊರಟಿನ ಸಸಿಯೇ. ಪಶ್ಚಿಮ ಕರಾವಳಿಯ ಓಲೂರ್, ಬಪ್ಪಕಾಯಿ ಮುಂತಾದ ಮಾವುಗಳದು ಇನ್ನೊಂದೇ ದಾರಿ. ಅವುಗಳ ಒಂದೇ ಗೊರಟಿನಿಂದ ಹಲವು ಮೊಳಕೆ ಬರುತ್ತವೆ. ಹೆಚ್ಚಿನವು ತಾಯಿಯ ಕೋಶಗಳಿಂದಲೇ ಎದ್ದ ತದ್ರೂಪುಗಳು.

ತೆನೆಯ ಮೇಲಿನ ಲೆಕ್ಕ

ಮಾವು ಮುಚ್ಚಿಟ್ಟದ್ದನ್ನು ಮೆಕ್ಕೆಜೋಳ ಬಿಚ್ಚಿ ತೋರಿಸುತ್ತದೆ. ಶಿಕಾರಿಪುರದ ಬಯಲು ಭಾಗದ ಹೊಲದಲ್ಲಿ ಗಿಡದ ತುದಿಯ ಸೂಲಂಗಿ ಗಂಡು, ನಡುವಿನ ತೆನೆ ಹೆಣ್ಣು. ತೆನೆಯ ಬಾಯಿಂದ ಇಳಿಬಿದ್ದ ರೇಷ್ಮೆಯಂಥ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿನದು. ಗಾಳಿಯಲ್ಲಿ ಬಂದ ಪರಾಗ ಎಳೆಯ ಮೇಲೆ ಕೂತರೆ ಆ ಕಾಳು ಕಟ್ಟುತ್ತದೆ, ಕೂರದಿದ್ದರೆ ಅಲ್ಲಿ ಬೊಕ್ಕು. ಒಂದು ತೆನೆಯ ಕಾಳುಗಳೆಲ್ಲ ಒಬ್ಬ ತಾಯಿಯ ಮಕ್ಕಳು, ಆದರೆ ಅಪ್ಪಂದಿರು ಬೇರೆ ಬೇರೆ ಇರಬಹುದು.

ಕಾಳಿನ ಹಿಟ್ಟಿನ ಭಾಗಕ್ಕೂ ಅಪ್ಪನ ಜೀನ್ ಸೇರುವುದರಿಂದ ಪರಿಣಾಮ ಅದೇ ತೆನೆಯಲ್ಲಿ ಕಾಣುತ್ತದೆ. ಬಿಳಿ ಮೆಕ್ಕೆಜೋಳದ ಮಗ್ಗುಲಲ್ಲಿ ಹಳದಿಯದು ಬೆಳೆದಿದ್ದರೆ ಬಿಳಿ ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಕಾಳು ಏಳುತ್ತದೆ. ಹಳದಿಯ ಜೀನ್ ಪ್ರಬಲ, ಬಿಳಿಯದು ದುರ್ಬಲ. ಒಂದೇ ಒಂದು ಪ್ರಬಲ ಪ್ರತಿ ಇದ್ದರೂ ಬಣ್ಣ ಬರುತ್ತದೆ. ಆ ಮಿಶ್ರ ಹಳದಿ ಕಾಳನ್ನು ಬಿತ್ತಿ, ಗಿಡದ ಪರಾಗವನ್ನು ಅದೇ ಗಿಡದ ಎಳೆಗೆ ಉದುರಿಸಿದರೆ ಮುಂದಿನ ತೆನೆಯಲ್ಲಿ ಸುಮಾರು ಮೂರು ಹಳದಿಗೆ ಒಂದು ಬಿಳಿ. ಕಣ್ಮರೆಯಾಗಿದ್ದ ಬಿಳಿ ಕೆಡದೆ ಮರಳಿ ಬಂತು.

ಬ್ರನೋ ನಗರದ ಮಠದ ತೋಟದಲ್ಲಿ ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡದ್ದೂ ಇದನ್ನೇ. ಅವನ ಎಣಿಕೆಯಲ್ಲಿ ಎರಡನೆಯ ತಲೆಮಾರಿನ ದುಂಡು ಕಾಳು 5,474, ಸುಕ್ಕು ಕಾಳು 1,850. ಹಾಲು ನೀರು ಬೆರೆತಂತೆ ತಂದೆತಾಯಿಯ ಗುಣ ಬೆರೆತು ತೆಳುವಾಗುತ್ತದೆ ಎಂಬ ಅಂದಿನ ನಂಬಿಕೆಯನ್ನು ಈ ಎರಡು ಸಂಖ್ಯೆಗಳು ಮುರಿದವು. ಲೇಖನ ಅಚ್ಚಾದದ್ದು 1866ರಲ್ಲಿ. ಲೋಕ ಅದನ್ನು ಗಮನಿಸಿದ್ದು 1900ರಲ್ಲಿ.

ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ರೈತರು ವರ್ಷವರ್ಷವೂ ಅಂಗಡಿಯಿಂದ ತರುವುದಕ್ಕೆ ಕಾರಣವೂ ಇಲ್ಲೇ ಇದೆ. ಎರಡು ಶುದ್ಧ ಸಾಲುಗಳನ್ನು ಅಡ್ಡಹಾಯಿಸಿದ ಮೊದಲ ತಲೆಮಾರು ಒಂದೇ ಎತ್ತರ, ಒಂದೇ ಅವಧಿ, ತುಂಬು ತೆನೆ. ಅದರ ಕಾಳನ್ನೇ ಉಳಿಸಿ ಬಿತ್ತಿದರೆ ಜೀನ್‌ಗಳು ಬೇರ್ಪಟ್ಟು ಹೊಲ ಏರುಪೇರಾಗುತ್ತದೆ, ಇಳುವರಿ ಕುಸಿಯುತ್ತದೆ. ಕಂಪನಿ ಬೀಜದಲ್ಲಿ ಏನೋ ಬೆರೆಸಿದೆ ಎಂಬ ಮಾತು ಹಳ್ಳಿಯಲ್ಲಿ ಕೇಳಿಬರುವುದುಂಟು. ಬೆರೆಸುವ ಅಗತ್ಯವೇ ಇಲ್ಲ, ಅರೆವಿಭಜನೆ ಸಾಕು.

ಭತ್ತದ ಕಥೆ ತಿರುವುಮುರುವು. ಒಂದೇ ಹೂವಿನಲ್ಲಿ ಗಂಡು–ಹೆಣ್ಣು ಅಂಗಗಳಿದ್ದು ಬಹುತೇಕ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹಾಗಾಗಿ ವರದಾ ಹೊಳೆಯ ನೆರೆ ನುಗ್ಗುವ ಗದ್ದೆಗಳಿಗೆಂದು ಹಿರಿಯರು ಉಳಿಸಿಕೊಂಡ ನೆರೆಗೂಳಿ ಭತ್ತ ಮನೆಯ ಬೀಜದಿಂದಲೇ ತಲೆಮಾರುಗಟ್ಟಲೆ ತನ್ನ ಗುಣ ಬಿಡದೆ ಬಂದಿದೆ.

ಅಡಿಕೆಯಲ್ಲಿ ಹಿಂಗಾರ ಒಡೆದಾಗ ಮೊದಲು ಗಂಡು ಹೂ ಅರಳಿ ಕೆಲವು ವಾರಗಳಲ್ಲಿ ಉದುರುತ್ತದೆ, ಬುಡದ ಹೆಣ್ಣು ಹೂ ತೆರೆಯುವುದು ಆಮೇಲೆ. ಸ್ವಂತ ಪರಾಗ ಸಿಗುವುದು ಅಪರೂಪ. ಬಿತ್ತನೆಗೆ ತಾಯಿಮರವನ್ನು ಎಷ್ಟು ನೋಡಿ ಆರಿಸಿದರೂ ತಂದೆಮರ ಗಾಳಿಯ ಪಾಲು. ವಿಟ್ಲದ ಸಂಶೋಧನಾ ಕೇಂದ್ರದವರು ಹಿರೇಹಳ್ಳಿಯ ಗಿಡ್ಡ ಅಡಿಕೆಯನ್ನು ಎತ್ತರದ ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಕೈಯಾರೆ ಪರಾಗ ಹಾಕಿ ಅಡ್ಡಹಾಯಿಸಿದ್ದು ಈ ಅನಿಶ್ಚಿತತೆಯನ್ನು ದಾಟಲಿಕ್ಕೆ.

ಕೊಟ್ಟಿಗೆ, ಉಳಿ, ಕಲಿಕೆ

ದೀಪಾವಳಿಯಿಂದಾಚೆಗೆ ಈ ಎರಡೂ ತಾಲ್ಲೂಕುಗಳಲ್ಲಿ ಹೋರಿ ಬೆದರಿಸುವ ಹಬ್ಬದ ಭರಾಟೆ. ಹೆಸರಾದ ಹೋರಿಯ ಕರು ಎಂದರೆ ಬೆಲೆ ಏರುತ್ತದೆ. ಓಟ, ಗತ್ತು, ಕೊಂಬು ಇವೆಲ್ಲ ಅನೇಕ ಜೀನ್‌ಗಳು, ಮೇವು, ಪಳಗಿಸುವಿಕೆ ಸೇರಿ ಆಗುವಂಥವು. ಅಪ್ಪ ಕೊಡುವುದು ಅರ್ಧ ಜೀನ್‌ಗಳನ್ನು ಮಾತ್ರ. ಕರುವಿನ ತಾಯಿ ಯಾವುದೆಂದು ಕೇಳುವವರು ಕಡಿಮೆ, ಕೇಳಬೇಕಾದ ಪ್ರಶ್ನೆ ಅದೂ ಹೌದು. ಮಲೆನಾಡು ಗಿಡ್ಡ ಹಸುವಿಗೆ ಜೆರ್ಸಿ ಹೋರಿಯ ವೀರ್ಯ ಕೊಡಿಸುತ್ತ ಹೋದರೆ ಗಿಡ್ಡದ ಪಾಲು ಅರ್ಧ, ಕಾಲು, ಅರೆಕಾಲು ಎಂದು ಇಳಿಯುತ್ತದೆ. ಹಾಲು ಏರಿದಂತೆ ಮಳೆ, ಉಣ್ಣೆ, ಬೆಟ್ಟದ ಮೇವಿಗೆ ಒಗ್ಗಿದ ಜೀನ್‌ಗಳೂ ಕೊಟ್ಟಿಗೆ ಬಿಡುತ್ತವೆ.

ಬದುಕಿನಲ್ಲಿ ಗಳಿಸಿದ್ದು ಜೀನ್‌ಗೆ ಇಳಿಯುವುದಿಲ್ಲ. ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ ಮನೆತನದಲ್ಲಿ ಬಂದದ್ದು ನಿಜ, ರಕ್ತದಲ್ಲಿ ಬಂದದ್ದಲ್ಲ. ಚಿಕ್ಕಂದಿನಿಂದ ಉಳಿ ಹಿಡಿದು ಅಪ್ಪನ ಪಕ್ಕ ಕೂತ ಹುಡುಗನಿಗೆ ಬರುತ್ತದೆ. ದೂರದ ಊರಿನಲ್ಲಿ ಬೆಳೆದ ಅವನ ತಮ್ಮನಿಗೆ ಬರುವುದಿಲ್ಲ.

ಮನುಷ್ಯರಲ್ಲಿ

ಹೆಣ್ಣಿನಲ್ಲಿ ಎರಡು ಎಕ್ಸ್ ವರ್ಣತಂತು, ಗಂಡಿನಲ್ಲಿ ಒಂದು ಎಕ್ಸ್ ಒಂದು ವೈ. ತಾಯಿ ಕೊಡಬಲ್ಲದ್ದು ಎಕ್ಸ್ ಒಂದನ್ನೇ. ಸಾಲಾಗಿ ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಂಗಿಸುವ ಅತ್ತೆ ನಿಜವಾಗಿ ಕೇಳಬೇಕಾದದ್ದು ಮಗನನ್ನು. ಅವನ ಕೈಯಲ್ಲೂ ಏನಿಲ್ಲ ಎಂಬುದು ಬೇರೆ ಮಾತು. ಗಂಡುಮಕ್ಕಳಲ್ಲಿ ಮಾತ್ರ ಸಾಗುವ ವೈ ಗೋತ್ರದ ದಾರಿ ಹಿಡಿದರೆ, ತಾಯಿಯಿಂದಲೇ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ತುಳುನಾಡಿನ ಅಳಿಯಕಟ್ಟಿನ ಬಳಿಯ ದಾರಿ ಹಿಡಿಯುತ್ತದೆ. ಉಳಿದ ಬಹುಪಾಲು ಜೀನ್‌ಗಳು ಎರಡೂ ಲೆಕ್ಕಕ್ಕೆ ಸಿಗುವುದಿಲ್ಲ. ಗೋತ್ರ ಬೇರೆಯಾದ ಸೋದರಮಾವ ರಕ್ತದಲ್ಲಿ ಬೇರೆಯವನಲ್ಲ.

ಕರ್ನಾಟಕದಲ್ಲಿ ಸೋದರಿಕೆಯ ಮದುವೆ ಇಂದಿಗೂ ಸಾಮಾನ್ಯ. ಒಂದೇ ಪೂರ್ವಜರಿಂದ ಬಂದ ಒಂದೇ ಜೀನ್‌ನ ಎರಡೂ ಪ್ರತಿ ಮಗುವಿಗೆ ಸಿಗುವ ಸಾಧ್ಯತೆ ಸೋದರಮಾವ–ಸೊಸೆಯ ಮದುವೆಯಲ್ಲಿ ಎಂಟರಲ್ಲೊಂದು, ಅತ್ತೆಯ ಮಗ–ಮಾವನ ಮಗಳ ಮದುವೆಯಲ್ಲಿ ಹದಿನಾರರಲ್ಲೊಂದು. ಹುಟ್ಟುಕಿವುಡಿನ ಹಲವು ಬಗೆ, ಥಲಸ್ಸೀಮಿಯದಂಥ ದುರ್ಬಲ ಜೀನ್‌ನ ಕಾಯಿಲೆಗಳಿಗೆ ಎರಡೂ ಪ್ರತಿ ಕೆಟ್ಟಿರಬೇಕು. ಆದ್ದರಿಂದಲೇ ಇಂಥ ಮದುವೆಗಳಲ್ಲಿ ಅವು ತಲೆ ಎತ್ತುತ್ತವೆ. ತಂದೆತಾಯಿ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ.

ಸೊರಬದ ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಕಾಯಿಲೆ ಈ ಸೂತ್ರಕ್ಕೆ ಸಿಗುವುದಿಲ್ಲ. 1970ರ ದಶಕದ ಮಧ್ಯದಲ್ಲಿ ವೈದ್ಯರ ಗಮನಕ್ಕೆ ಬಂದ ಇದು ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಬಡ ದಲಿತ ಕುಟುಂಬಗಳನ್ನು ಕಾಡಿದೆ. ಸೊಂಟದ ಕೀಲಿನಲ್ಲಿ ನೋವು ಶುರುವಾಗಿ ನಡಿಗೆ ಓಲಾಡುತ್ತದೆ. ಕೂತವರು ಏಳಲು ಕೈಯೂರಬೇಕು. ಕೆಲವರಲ್ಲಿ ಎತ್ತರ ಮಾಮೂಲಿನಷ್ಟೇ ಇದ್ದು ಕೀಲು ಸವೆಯುತ್ತದೆ, ಕೆಲವರಲ್ಲಿ ಬೆನ್ನುಮೂಳೆಯೂ ಸೇರಿ ದೇಹವೇ ಕುಳ್ಳಾಗಿ ಉಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ವರ್ಣಿಸಿದರು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಗುಮಾನಿ ಬಹುಕಾಲ ಸುದ್ದಿಯಲ್ಲಿತ್ತು. ಬಡವರ ಊಟದ ಮೇಲೆ ಬೆರಳು ತೋರುವುದು ಸುಲಭ.

ವಂಶವೃಕ್ಷಗಳನ್ನು ಬರೆದು ನೋಡಿದಾಗ ಬೇರೆಯೇ ಚಿತ್ರ ಮೂಡಿತು. ಕಾಯಿಲೆ ತಲೆಮಾರು ತಪ್ಪದೆ ಇಳಿದಿತ್ತು. ತಂದೆಯಿಂದಲೂ ತಾಯಿಯಿಂದಲೂ, ಗಂಡಿಗೂ ಹೆಣ್ಣಿಗೂ. ಇದು ಪ್ರಬಲ ಜೀನ್‌ನ ಗುರುತು. 1990ರ ದಶಕದ ಅಧ್ಯಯನಗಳು ಇದನ್ನು ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷವೆಂದು ನಿರೂಪಿಸಿ, ದಕ್ಷಿಣ ಆಫ್ರಿಕಾದ ಮ್ಸೆಲೆನಿ ಕಾಯಿಲೆಯೊಡನೆ ಹೋಲಿಸಿ ನೋಡಿದವು. ಪ್ರಬಲ ಜೀನ್‌ಗೆ ಒಂದೇ ಕೆಟ್ಟ ಪ್ರತಿ ಸಾಕು, ಸಂಗಾತಿ ಸಂಬಂಧಿಯೋ ಪರಕೀಯರೋ ಎಂಬುದು ಲೆಕ್ಕಕ್ಕೆ ಬಾರದು. ‘ಒಳಗೊಳಗೇ ಮದುವೆಯಾಗಿ ಹೀಗಾದರು’ ಎಂಬ ಊರಮಾತಿಗೆ ಇಲ್ಲಿ ಆಧಾರವಿಲ್ಲ.

ಕಾಯಿಲೆಯುಳ್ಳ ತಂದೆ ಅಥವಾ ತಾಯಿಯ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧ. ಮೊದಲ ಎರಡು ಮಕ್ಕಳಿಗೆ ಬಂದಿದ್ದರೂ ಮೂರನೆಯದಕ್ಕೆ ಅರ್ಧವೇ. ಹಿಂದಿನ ಹೆರಿಗೆಗಳ ಲೆಕ್ಕವನ್ನು ಅರೆವಿಭಜನೆ ಇಟ್ಟುಕೊಳ್ಳುವುದಿಲ್ಲ. ಕೆಟ್ಟ ಪ್ರತಿ ಸಿಗದೆ ಹುಟ್ಟಿದ ಮಗು ಅದನ್ನು ತನ್ನ ಮಕ್ಕಳಿಗೆ ಕೊಡಲಾರದು. ವಂಶವೃಕ್ಷದ ಆ ಕೊಂಬೆಯಲ್ಲಿ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ.