ಆಕಾಶ ಕಾಳಗದಲ್ಲಿ ಗೆಲ್ಲಿಸುವುದು ಕಸರತ್ತೇ, ಕಣ್ಣೇ?

ಯುದ್ಧವಿಮಾನಗಳ ಕಾಳಗದಲ್ಲಿ ಚೆನ್ನಾಗಿ ಪಲ್ಟಿ ಹೊಡೆಯುವ ಪೈಲಟ್ ಗೆಲ್ಲುತ್ತಾನೆ ಎಂದು ಸಿನಿಮಾ ನೋಡಿದ ನಾವು ನಂಬಿದ್ದೇವೆ. ಆದರೆ ಎರಡು ಮಹಾಯುದ್ಧಗಳಲ್ಲೂ ಹೊಡೆತ ತಿಂದ ಅನೇಕರು ಎದುರಾಳಿಯನ್ನು ನೋಡಿಯೇ ಇರಲಿಲ್ಲ.

ಸುತ್ತ ಯಾರು ಎಲ್ಲಿದ್ದಾರೆ, ಮುಂದಿನ ಕ್ಷಣ ಎಲ್ಲಿರುತ್ತಾರೆ ಎಂಬ ತಿಳಿವನ್ನು ‘ಸನ್ನಿವೇಶದ ಅರಿವು’ ಎನ್ನುತ್ತಾರೆ. ಜರ್ಮನಿಯ ಓಸ್ವಾಲ್ಡ್ ಬೋಯೆಲ್ಕೆ 1916ರಲ್ಲೇ ತನ್ನ ಪೈಲಟ್‌ಗಳಿಗೆ ಹೇಳಿದ್ದ: ಸೂರ್ಯ ನಿಮ್ಮ ಬೆನ್ನಿಗಿರಲಿ, ಹಿಂದಿನಿಂದ ದಾಳಿ ಮಾಡಿ. ಬಿಸಿಲಿನ ಝಳಪಿನಲ್ಲಿ ಶತ್ರುವಿಗೆ ನೀವು ಕಾಣುವುದಿಲ್ಲ.

ಎದುರಾಳಿ ಒಬ್ಬನೇ ಆದರೆ ಅವನ ಮೇಲಿಂದ ಕಣ್ಣು ತೆಗೆಯಬಾರದು. ಹಲವರಿದ್ದರೆ ಅದೇ ಅಪಾಯ. ಒಬ್ಬನ ಹಿಂದೆ ಸುತ್ತುತ್ತಾ ಹೋದರೆ ವೇಗ, ಎತ್ತರ ಎರಡೂ ಕರಗುತ್ತವೆ. ಅಷ್ಟರಲ್ಲಿ ಇನ್ನೊಬ್ಬ ಬೆನ್ನಿಗೆ ಬಂದಿರುತ್ತಾನೆ. ಹಾಗಾಗಿ ಒಮ್ಮೆ ಹೊಡೆದು ದೂರ ಸರಿಯುವುದೇ ಜಾಣತನ.

1940ರಲ್ಲಿ ಬ್ರಿಟಿಷ್ ವಿಮಾನಗಳು ಮೂರು ಮೂರಾಗಿ ಒತ್ತೊತ್ತಾಗಿ ಹಾರುತ್ತಿದ್ದವು. ಡಿಕ್ಕಿಯಾಗದಂತೆ ನಾಯಕನನ್ನು ನೋಡುವುದರಲ್ಲೇ ಉಳಿದಿಬ್ಬರ ಗಮನ ಮುಗಿಯುತ್ತಿತ್ತು. ಸ್ಪೇನಿನ ಅಂತರ್ಯುದ್ಧದಲ್ಲಿ ಪಾಠ ಕಲಿತಿದ್ದ ಜರ್ಮನ್ನರು ಜೋಡಿಯಾಗಿ, ನಡುವೆ ಅಂತರ ಬಿಟ್ಟು, ಒಬ್ಬರ ಬೆನ್ನನ್ನು ಮತ್ತೊಬ್ಬರು ಕಾಯುತ್ತಿದ್ದರು. ಬ್ರಿಟಿಷರೂ ಮುಂದೆ ಇದನ್ನೇ ಅಳವಡಿಸಿಕೊಂಡರು.

ಇಂದು ರೇಡಾರ್ ಬಹಳ ದೂರ ನೋಡುತ್ತದೆ. ಆದರೆ ಗಮನಕ್ಕೆ ಮಿತಿ ಇದ್ದೇ ಇದೆ. 40 ವಿಮಾನಗಳನ್ನು ಉರುಳಿಸಿದ್ದ ಬೋಯೆಲ್ಕೆ ಸತ್ತದ್ದು ಶತ್ರುವಿನ ಗುಂಡಿಗಲ್ಲ. 1916ರ ಅಕ್ಟೋಬರ್ 28ರಂದು ಶತ್ರುವನ್ನು ಬೆನ್ನಟ್ಟುವಾಗ ಅವನ ವಿಮಾನಕ್ಕೆ ತಗುಲಿದ್ದು ಸ್ವಂತ ಜೊತೆಗಾರನ ವಿಮಾನ.