ಹುಸಿ ಎರೆಯ ಬಣ್ಣ

ಹುಸಿ ಎರೆಯ ಬಣ್ಣ: ಹುಳು, ಮರಿಮೀನು, ಹಿಟ್ಟಿನ ಉಂಡೆಗಳ ಬದಲು ಲೋಹ, ಮರ, ರಬ್ಬರು, ಪ್ಲಾಸ್ಟಿಕ್‌ಗಳಲ್ಲಿ ಮಾಡಿ ಗಾಳಕ್ಕೆ ಕಟ್ಟುವ ಎರೆಗೆ ಯಾವ ಬಣ್ಣವಿರಬೇಕು ಎಂಬ ವಿಚಾರ. ಹವ್ಯಾಸಿ ಗಾಳಗಾರರು ಇಂಥ ಎರೆಯನ್ನು ಲ್ಯೂರ್ ಎನ್ನುತ್ತಾರೆ. ಈ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಂಡವರು ಉತ್ತರ ಅಮೆರಿಕದ ತಿಳಿನೀರಿನ ಸರೋವರಗಳಲ್ಲಿ ಸ್ಮಾಲ್‌ಮೌತ್ ಬಾಸ್ ಹಿಡಿಯುವವರು. ಆ ಮೀನು ನಮ್ಮ ನೀರಿನದಲ್ಲ. ಕನ್ನಡ ಸೀಮೆಯಲ್ಲಿ ಇದೇ ಪ್ರಶ್ನೆ ಕಾವೇರಿ, ಕಬಿನಿ, ಮೋಯಾರ್ ನದಿಗಳ ಮಹಸೀರ್ ಮೀನಿನ ಜೊತೆಗೆ ಬಂತು.

ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಗೆಟ್ಟವಾಡಿಯಂಥ ಕನ್ನಡದ ಊರುಗಳು ಎರಡು ನೀರುಗಳ ನಡುವೆ ಇವೆ. ಇಲ್ಲಿಂದ ಉತ್ತರಕ್ಕಿಳಿದ ಹಳ್ಳಗಳು ಸುವರ್ಣಾವತಿಯಾಗಿ ಚಾಮರಾಜನಗರದ ಕಡೆ ಹರಿದು ಕಾವೇರಿ ಸೇರುತ್ತವೆ. ದಕ್ಷಿಣದ ಕಮರಿಯಲ್ಲಿ ಮೋಯಾರ್ ಹರಿದು ಭವಾನಿಸಾಗರಕ್ಕೆ ಬೀಳುತ್ತದೆ. ಊರ ಕೆರೆಗೆ ಗಾಳ ಹಾಕುವವನಿಗೆ ಬಣ್ಣದ ಚಿಂತೆ ಇಲ್ಲ, ತಿಪ್ಪೆ ಕೆದಕಿದರೆ ಎರೆಹುಳು ಸಿಗುತ್ತದೆ. ಎರೆ ಎಂದರೆ ಗಾಳಕ್ಕೆ ಸಿಕ್ಕಿಸುವ ತಿನಿಸು. ಪಾಪ, ಆ ಹುಳುವಿನ ಹೆಸರಿನಲ್ಲೇ ಅದರ ಗತಿಯೂ ಸೇರಿಕೊಂಡಿದೆ.

ಗಾಳವನ್ನು ಹೊಟ್ಟೆಪಾಡಿನ ಕೆಲಸವಾಗಿ ಅಲ್ಲದೆ ವಿನೋದವಾಗಿ ಕಂಡ ಹಳೆಯ ಬರಹವೊಂದು ಕನ್ನಡ ನೆಲದ್ದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಅರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಮೀನುಗಳ ಬಗೆ, ಅವಕ್ಕೆ ಹಾಕಬೇಕಾದ ತಿನಿಸು, ಗಾಳದ ಸಲಕರಣೆ ಎಲ್ಲವೂ ಅಲ್ಲಿ ಬರುತ್ತವೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಇದರ ಮೇಲೆ ವಿಸ್ತಾರವಾದ ಲೇಖನ ಬರೆದರು. ದೊರೆಯ ಲಕ್ಷ್ಯವೆಲ್ಲ ಮೀನಿನ ಬಾಯಿರುಚಿಯ ಮೇಲೆ. ಮೀನಿನ ಕಣ್ಣಿಗೆ ಮೋಸ ಮಾಡುವ ವಿದ್ಯೆ ಈ ಸೀಮೆಗೆ ಬಂದದ್ದು ಬಹಳ ತಡವಾಗಿ, ಹೊರಗಿನಿಂದ.

ಅದು ಸ್ಪೂನ್ ರೂಪದಲ್ಲಿ ಬಂತು. ಹಿಡಿ ಮುರಿದ ಚಮಚದಂತಿರುವ ಲೋಹದ ಬಿಲ್ಲೆ, ತುದಿಯಲ್ಲಿ ಮುಳ್ಳು. ನೀರಲ್ಲಿ ಎಳೆದರೆ ಹೊರಳುತ್ತ, ಗಾಯಗೊಂಡ ಮರಿಮೀನಿನ ಹೊಟ್ಟೆಯಂತೆ ಮಿಂಚುತ್ತದೆ. ಅಮೆರಿಕದ ಜೂಲಿಯೋ ಬ್ಯೂಯೆಲ್ 1852ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ‘ದಿ ರಾಡ್ ಇನ್ ಇಂಡಿಯಾ’ ಇಲ್ಲಿನ ಬ್ರಿಟಿಷ್ ಗಾಳಗಾರರ ಕೈಪಿಡಿಯಾಯಿತು. ಮಹಸೀರ್ ಬೇಟೆಗೆ ಹೊರಟವರ ಪೆಟ್ಟಿಗೆಯಲ್ಲಿ ಆಗ ಹಿತ್ತಾಳೆ, ತಾಮ್ರ, ಬೆಳ್ಳಿ ಹೊಳಪಿನ ಸ್ಪೂನುಗಳಿರುತ್ತಿದ್ದವು. ಬಿಸಿಲಿಗೆ ಮಂಕು ತಾಮ್ರ, ಮೋಡಕ್ಕೆ ಬೆಳ್ಳಿ ಎಂಬುದು ಸ್ಪೂನ್ ಬಳಸುವವರ ಹಳೆಯ ಲೆಕ್ಕ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರ ಮಾರ್ಚ್ 22ರಂದು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಹಿಡಿದರು. ಹುಲಿ, ಚಿರತೆಗಳ ಚರ್ಮ ಹದ ಮಾಡಿ ಜೀವ ಬಂದಂತೆ ನಿಲ್ಲಿಸುವುದರಲ್ಲಿ ಹೆಸರಾಗಿದ್ದ ಮನೆತನ ಅದು.

ಬಣ್ಣ ಒಂದು ಪೇಟೆಯ ಸರಕಾದದ್ದು 20ನೆಯ ಶತಮಾನದಲ್ಲಿ. ಫಿನ್ಲೆಂಡಿನ ಲೌರಿ ರಪಾಲಾ 1936ರಲ್ಲಿ ಬಿರಡೆಯ ತೊಗಟೆ ಕೆತ್ತಿ ಮೀನು ಮಾಡಿ, ಚಾಕೊಲೇಟ್ ಸುತ್ತಿದ ಬೆಳ್ಳಿ ಕಾಗದ ಅಂಟಿಸಿ, ಮೇಲೆ ಫೋಟೋ ನೆಗೆಟಿವ್ ಕರಗಿಸಿ ಮೆರುಗು ಕೊಟ್ಟ. ಮುಂದೆ ಅವನ ಹೆಸರಿನ ಕಂಪನಿ ಅದೇ ಮೀನನ್ನು ನಾನಾ ಬಣ್ಣಗಳಲ್ಲಿ ಜಗತ್ತಿಗೆಲ್ಲ ಮಾರಿತು. ಅಮೆರಿಕದಲ್ಲಿ 1980ರ ದಶಕದಲ್ಲಿ, ನೀರಿಗೆ ಇಳಿಬಿಟ್ಟರೆ ಇಂಥ ಬಣ್ಣ ಕಟ್ಟು ಎಂದು ಮುಳ್ಳು ತೋರಿಸುವ ಯಂತ್ರವೇ ಬಂತು. ಕೊಂಡವರೇನೋ ಬಹಳ ಮಂದಿ, ಆದರೆ ಅದು ಬಹುಕಾಲ ಬಾಳಲಿಲ್ಲ.

ಯಂತ್ರದ ಹಿಂದಿನ ವಿಜ್ಞಾನ ಮಾತ್ರ ಸುಳ್ಳಲ್ಲ. ತಿಳಿನೀರು ಮೊದಲು ನುಂಗುವುದು ಕೆಂಪನ್ನು. ನಾಲ್ಕೈದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಎರೆ ಬಹುಮಟ್ಟಿಗೆ ಕಪ್ಪಾಗಿ ಕಾಣುತ್ತದೆ. ನೀಲಿ, ಹಸಿರು ಆಳಕ್ಕೆ ಹೋಗುತ್ತವೆ. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಇದು ತಲೆಕೆಳಗು: ಅಲ್ಲಿ ನೀಲಿ ಮೊದಲು ಸಾಯುತ್ತದೆ, ಕೆಂಪು ಹಳದಿ ಉಳಿಯುತ್ತವೆ. ತಿಳಿನೀರಲ್ಲಿ ಮೀನಿಗೆ ಎರೆಯನ್ನು ದೂರದಿಂದಲೇ ಪರೀಕ್ಷಿಸಲು ಪುರುಸೊತ್ತಿರುವುದರಿಂದ ಅಬ್ಬರದ ಬಣ್ಣ ಕೆಲಸ ಕೆಡಿಸುತ್ತದೆ. ಅಮೆರಿಕದ ಮಹಾಸರೋವರಗಳೇ ಇದಕ್ಕೆ ಸಾಕ್ಷಿ. 1980ರ ದಶಕದ ಕೊನೆಯಲ್ಲಿ ಹಡಗುಗಳ ಜೊತೆ ಬಂದ ಜೀಬ್ರಾ ಮಸ್ಸೆಲ್ ಎಂಬ ಪುಟ್ಟ ಚಿಪ್ಪುಪ್ರಾಣಿ ನೀರನ್ನು ಸೋಸಿ ಸೋಸಿ ತಿಳಿಗೊಳಿಸಿತು. 1990ರ ಸುಮಾರಿಗೆ ಬಂದ ಗೋಬಿ ಎಂಬ ಕಂದುಮೀನು ಬಾಸ್‌ಗೆ ದಿನದ ಊಟವಾಯಿತು. ಅಲ್ಲಿನ ಸ್ಮಾಲ್‌ಮೌತ್ ಗಾಳಗಾರರು ಗೋಬಿಯ ಮೈಬಣ್ಣದ ಮಂಕು ಹಸಿರು, ಕಂದು ರಬ್ಬರ್ ಎರೆಗಳನ್ನು ನೆಚ್ಚಿಕೊಂಡರು.

ಕಾವೇರಿಯ ಕಥೆ ಬೇರೆ. ಸ್ವಾತಂತ್ರ್ಯದ ನಂತರ ಮಹಸೀರ್ ಮುಗಿದೇ ಹೋಯಿತು ಎಂಬ ಮಾತಿತ್ತು. 1977-78ರಲ್ಲಿ ಮೂವರು ಬ್ರಿಟಿಷ್ ಯುವಕರು ಬಂದು ನದಿಯಲ್ಲಿ ದೈತ್ಯಮೀನುಗಳು ಇನ್ನೂ ಇವೆಯೆಂದು ತೋರಿಸಿದರು. ಆಮೇಲೆ ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾಯ್ದುಕೊಂಡ ನದೀಭಾಗದಲ್ಲಿ, ಜಂಗಲ್ ಲಾಡ್ಜಸ್‌ನ ಭೀಮೇಶ್ವರಿ ಶಿಬಿರದಲ್ಲಿ ಹಿಡಿದು ಬಿಡುವ ಗಾಳಗಾರಿಕೆ ನಡೆಯಿತು. ಅಲ್ಲಿ ಹೆಸರು ಮಾಡಿದ ಎರೆಗೆ ಹೊಳಪೂ ಇಲ್ಲ, ಬಣ್ಣವೂ ಇಲ್ಲ. ಅದು ರಾಗಿ ಉಂಡೆ. ರಾಗಿಹಿಟ್ಟನ್ನು ನೀರು ಹಾಕಿ ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟು ರಬ್ಬರಿನ ಹದ ಬರುವವರೆಗೆ ಬೇಯಿಸುತ್ತಾರೆ. ನಿಂಬೆಹಣ್ಣಿನಿಂದ ಕಿತ್ತಳೆಯವರೆಗೆ ಗಾತ್ರ. ಹದ ತಪ್ಪಿದರೆ ಸೆಳವಿಗೆ ಕರಗಿ ಬರೀ ಮುಳ್ಳು ಉಳಿಯುತ್ತದೆ, ಸಣ್ಣ ಮೀನುಗಳು ಕುಟುಕಿ ಮುಗಿಸುವುದೂ ಉಂಟು. ಗೆಟ್ಟವಾಡಿಯ ಯಾವ ಅಡುಗೆಮನೆಗೂ ಈ ಪಾಠ ಬೇಕಿಲ್ಲ. ಸ್ಪೂನ್‌ಗಳ ಬಣ್ಣಕ್ಕೆಂದು ಸುರಿದ ಶಾಯಿಯನ್ನೆಲ್ಲ ಪಕ್ಕಕ್ಕಿಟ್ಟು ನೋಡಿದರೆ, ಮುಂಗಾರಿಗೆ ಕೆಂಪಾಗಿ ಬೇಸಗೆಗೆ ತಿಳಿಯಾಗುವ ನಮ್ಮ ನದಿಯಲ್ಲಿ ವಾಸನೆಯ ಎರೆಯೇ ಗಟ್ಟಿ ಎನ್ನಬೇಕು.

ಬಾಸ್‌ಗೆ ಬರೆದ ಬಣ್ಣದ ಸೂತ್ರವನ್ನು ಮಹಸೀರ್‌ಗೆ ಹಚ್ಚಲು ಇನ್ನೊಂದು ತೊಡಕಿದೆ. ಸ್ಮಾಲ್‌ಮೌತ್‌ನ ದಾಯಾದಿಯಾದ ಲಾರ್ಜ್‌ಮೌತ್ ಬಾಸ್ ಮೇಲೆ ಇಲಿನಾಯ್‌ನಲ್ಲಿ 1937ರಲ್ಲೇ ಬಣ್ಣದ ಪ್ರಯೋಗ ನಡೆದಿತ್ತು. ಅಲ್ಲಿನ ವಿಶ್ವವಿದ್ಯಾಲಯದವರು ಇತ್ತೀಚೆಗೆ ಮತ್ತೆ ಪರೀಕ್ಷಿಸಿದಾಗ, ಅದರ ಕಣ್ಣಲ್ಲಿ ಕೆಂಪಿಗೊಂದು, ಹಸಿರಿಗೊಂದು, ಹೀಗೆ ಎರಡೇ ಬಗೆಯ ಶಂಕುಕೋಶಗಳಿರುವುದು ಕಂಡಿತು. ಕೆಂಪು, ಹಸಿರನ್ನು ಚೆನ್ನಾಗಿ ಗುರುತಿಸಿದ ಮೀನು ನೀಲಿಯನ್ನು ಕಪ್ಪೆಂದೂ ಅಂಗಡಿಯವರು ಹೊಗಳುವ ಗಿಳಿಹಳದಿಯನ್ನು ಬಿಳಿಯೆಂದೂ ಗಲಿಬಿಲಿಗೊಂಡಿತು. ಮಹಸೀರ್ ಗೆಂಡೆಮೀನಿನ ಕುಟುಂಬದ್ದು. ಅದೇ ಕುಟುಂಬದ ಗೋಲ್ಡ್‌ಫಿಶ್‌ಗೆ ನಾಲ್ಕು ಬಗೆಯ ಶಂಕುಕೋಶಗಳಿದ್ದು, ನಮಗೆ ಕಾಣದ ಅತಿನೇರಳೆಯೂ ಅದಕ್ಕೆ ಕಾಣುತ್ತದೆ.

ಕಾವೇರಿಯಲ್ಲಿ ಈಗ ಲೆಕ್ಕಕ್ಕೆ ಬರುವ ಬಣ್ಣ ಮೀನಿನ ರೆಕ್ಕೆಯದು. ಡುಬ್ಬಬೆನ್ನಿನ ಮೂಲ ಮಹಸೀರ್‌ಗೆ ಕಿತ್ತಳೆ ರೆಕ್ಕೆ. ಲೋನಾವಳದ ಮೊಟ್ಟೆಕೇಂದ್ರದಲ್ಲಿ ಬೆಳೆಸಿ ನದಿಗೆ ಬಿಟ್ಟ ಇನ್ನೊಂದು ಜಾತಿಗೆ ನೀಲಿ ರೆಕ್ಕೆ. ನೀಲಿ ಹೆಚ್ಚಿತು, ಕಿತ್ತಳೆ ಅಳಿವಿನಂಚಿಗೆ ಸರಿಯಿತು. ದಾಖಲೆಯ ದೈತ್ಯಮೀನು ಎಂದು ಅಷ್ಟು ಹೆಸರಾಗಿದ್ದರೂ ಕಿತ್ತಳೆ ರೆಕ್ಕೆಯ ಮಹಸೀರ್‌ನ ವೈಜ್ಞಾನಿಕ ಹೆಸರು ಟೋರ್ ರೆಮಾದೇವಿಯೈ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಉಳಿದ ನೆಲೆಗಳಲ್ಲಿ ತಾಳವಾಡಿ ಬೆಟ್ಟದಡಿಯ ಮೋಯಾರ್ ಒಂದು. ಕಾವೇರಿ ವನ್ಯಧಾಮದಲ್ಲಿ ಗಾಳಗಾರಿಕೆ 2012ರ ಹೊತ್ತಿಗೆ ನಿಂತಿತು. ಮೋಯಾರ್ ಕಮರಿ ಮುದುಮಲೆ, ಸತ್ಯಮಂಗಲ ಹುಲಿ ಮೀಸಲುಗಳ ಕಾಡಿನಲ್ಲಿದೆ. ಅಲ್ಲಿ ಯಾವ ಬಣ್ಣದ ಎರೆಯನ್ನೂ ನೀರಿಗೆ ಬಿಡುವಂತಿಲ್ಲ.