ಗುಡ್ಡದೊಳಗಿನ ಸುರಂಗ, ತೋಡಿಗೆ ಅಡ್ಡ ಕಟ್ಟ

ಜುಲೈಯಲ್ಲಿ ತೋಡು ತುಂಬಿ ಶಾಲೆಗೆ ಬರಲಾಗದ ಮಕ್ಕಳೇ ಮಾರ್ಚ್ ತಿಂಗಳಲ್ಲಿ ಮನೆಗೆ ನೀರು ಹೊತ್ತು ತಡವಾಗಿ ಬರುತ್ತಾರೆ. ಕಾಸರಗೋಡಿನ ಕನ್ನಡ ಶಾಲೆಯ ಮಾಸ್ತರರಾದ ನಮಗೆ ಇದು ಹೊಸತಲ್ಲ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ಜಿಲ್ಲೆ ನಮ್ಮದು. ಕೇರಳದ 44 ನದಿಗಳಲ್ಲಿ 12 ನಮ್ಮಲ್ಲೇ ಇವೆ. ಆದರೂ ಬೇಸಿಗೆಯಲ್ಲಿ ನೀರಿಲ್ಲ. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು, ಇಳಿಜಾರಿನಲ್ಲಿ ಓಡಿ, ಸಮುದ್ರ ಸೇರುವುದೇ ಇದಕ್ಕೆ ಕಾರಣ.

ಈ ಕಷ್ಟಕ್ಕೆ ನಮ್ಮ ಹಿರಿಯರು ಕಂಡುಕೊಂಡ ದಾರಿ ಎರಡು: ಸುರಂಗ ಮತ್ತು ಕಟ್ಟ. ಬೇಕಲ ಕೋಟೆಯ ಬಗ್ಗೆ ನಮ್ಮ ಮಕ್ಕಳು ಪುಟಗಟ್ಟಲೆ ಬರೆಯುತ್ತಾರೆ. ಮನೆಯ ಹಿಂದಿನ ಸುರಂಗದ ಬಗ್ಗೆ ಬರೆಯಿರಿ ಎಂದರೆ ಪೆನ್ನು ನಿಲ್ಲುತ್ತದೆ. ಅದೂ ಇತಿಹಾಸವೇ ಅಲ್ಲವೇ?

ಸುರಂಗವೆಂದರೆ ಅಡ್ಡಕ್ಕೆ ತೋಡಿದ ಬಾವಿ. ಮುರಕಲ್ಲಿನ ಗುಡ್ಡದ ಬದಿಯಿಂದ ಒಬ್ಬ ಆಳು ನಡೆದುಹೋಗುವಷ್ಟು ಎತ್ತರ, ಅಗಲಕ್ಕೆ ಮೈ ತೂರುವಷ್ಟೇ ಜಾಗ. ಅಳತೆ ಕೋಲಿನ ಲೆಕ್ಕದಲ್ಲಿ. ಒಂದು ಕೋಲು ಎಂದರೆ ಸುಮಾರು 2.5 ಅಡಿ. ಪಿಕ್ಕಾಸಿನಿಂದ ಒಬ್ಬ ಅಗೆಯುತ್ತಾನೆ, ಇನ್ನೊಬ್ಬ ಮಣ್ಣು ಹೊರಗೆ ಹಾಕುತ್ತಾನೆ. ಒಳಗೆ ಮೇಣದ ಬತ್ತಿ ಉರಿಯುತ್ತಿರಬೇಕು. ಬತ್ತಿ ನಂದಿದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ತಿಳಿದು ಹೊರಗೆ ಬರಬೇಕು. ನೀರಿನ ಸೆಲೆ ಸಿಕ್ಕಿದರೆ ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಕೆರೆಗೆ ಬೀಳುತ್ತದೆ. ಬೀದರಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಅದು ಅರಸರು ಮಾಡಿಸಿದ್ದು. ನಮ್ಮ ಬಾಯಾರು, ಪಡ್ರೆ, ಎಣ್ಮಕಜೆ ಕಡೆಯ ಸುರಂಗಗಳು ಕೃಷಿಕರೂ ಕೂಲಿಯಾಳುಗಳೂ ತೋಡಿದವು.

ಗಡಿಯ ಆಚೆ, ಅಡ್ಯನಡ್ಕದ ಸಮೀಪ, ಕೂಲಿ ಮಾಡುತ್ತಿದ್ದ ಅಮೈ ಮಹಾಲಿಂಗ ನಾಯ್ಕರಿಗೆ ಗುಡ್ಡದಲ್ಲಿ 2 ಎಕರೆ ಬೋಳು ಜಾಗ ಸಿಕ್ಕಿತ್ತು. ಹಗಲು ಕೂಲಿ, ಆಮೇಲೆ ಒಬ್ಬರೇ ಸುರಂಗದ ಕೆಲಸ. ಒಂದರ ನಂತರ ಒಂದರಲ್ಲಿ ನೀರು ಸಿಗಲಿಲ್ಲ. ಊರವರು ನಕ್ಕರೂ ಅವರು ಬಿಡಲಿಲ್ಲ. ಕೊನೆಗೆ ನೀರು ಬಂತು, ತೋಟವೂ ಬಂತು. 2022ರಲ್ಲಿ ಪದ್ಮಶ್ರೀ ಕೂಡ ಬಂತು.

ಇನ್ನು ಕಟ್ಟ. ಮಳೆ ನಿಂತು ತೋಡಿನ ಹರಿವು ಇಳಿದಾಗ ಕಲ್ಲು, ಮಣ್ಣು, ಅಡಿಕೆ ಮರಗಳಿಂದ ಅಡ್ಡ ಹಾಕುವ ತಾತ್ಕಾಲಿಕ ಅಣೆ. ಏತಡ್ಕದ ತೋಡಿನಲ್ಲಿ ಇಂಥ ಕಟ್ಟಗಳ ಸಾಲೇ ಇದೆ. ನಿಂತ ನೀರು ನೆಲಕ್ಕಿಳಿದು ಎರಡೂ ದಡದ ಬಾವಿಗಳನ್ನು ಏರಿಸುತ್ತದೆ. ಕಟ್ಟಕ್ಕೆ ಕೈ ಹಾಕದವನ ಬಾವಿಯೂ ಏರುತ್ತದೆ! ಹಾಗಾಗಿ ಇದು ಒಬ್ಬರಿಂದ ಆಗುವ ಕೆಲಸವಲ್ಲ. ತೋಡಿನ ಉದ್ದಕ್ಕೂ ಇರುವ ಮನೆಯವರು ಕೂಡಬೇಕು, ಖರ್ಚು ಹಂಚಿಕೊಳ್ಳಬೇಕು.

ಆಮೇಲೆ ಬೋರ್‌ವೆಲ್ ಬಂತು. ಒಂದೇ ದಿನದಲ್ಲಿ ನೀರು, ಯಾರನ್ನೂ ಕೇಳಬೇಕಾಗಿಲ್ಲ. ಕೂಲಿ ಏರಿತು, ಸುರಂಗ ತೋಡುವವರು ಕಡಿಮೆಯಾದರು, ಕಟ್ಟಗಳು ನಿಂತವು. ಆದರೆ ಬಂಡೆಯ ಬಿರುಕಿನ ನೀರು ತುಂಬುವುದು ಬಲು ನಿಧಾನ. 2016ರಲ್ಲಿ ಮಳೆ ಕೈಕೊಟ್ಟು ಕೇರಳದ 14 ಜಿಲ್ಲೆಗಳನ್ನೂ ಬರಪೀಡಿತವೆಂದು ಘೋಷಿಸಬೇಕಾಯಿತು. ಎರಡೇ ವರ್ಷದಲ್ಲಿ, 2018ರ ಆಗಸ್ಟಿನಲ್ಲಿ, ಇದೇ ರಾಜ್ಯ ಮಹಾಪ್ರವಾಹ ಕಂಡಿತು.

ಹವಾಮಾನ ಬದಲಾವಣೆ ಎಂಬ ಮಾತು ನಮ್ಮ ಊರಿನಲ್ಲಿ ಹೀಗೆ ಕಾಣುತ್ತದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳಬಲ್ಲದು. ಬೀಳುವಾಗ ಒಮ್ಮೆಗೇ ಬೀಳುತ್ತದೆ, ನೆಲ ಕುಡಿಯುವ ಮೊದಲೇ ಹರಿದುಹೋಗುತ್ತದೆ. ಹಿರಿಯರ ವಿದ್ಯೆಯನ್ನು ಹಾಗೆಯೇ ಉಳಿಸಿದರೂ ಸಾಲದು. ಡಿಸೆಂಬರಿನಲ್ಲಿ ಅಕಾಲ ಮಳೆ ಬಂದರೆ ಕಟ್ಟ ಕೊಚ್ಚಿಹೋಗುತ್ತದೆ. ಹೆದರಿ ತಡಮಾಡಿದರೆ ತೋಡಿನಲ್ಲಿ ನಿಲ್ಲಿಸಲು ನೀರೇ ಇರುವುದಿಲ್ಲ. ಅದಕ್ಕೇ ಈಗ ಕಟ್ಟಕ್ಕೆ ಪ್ಲಾಸ್ಟಿಕ್ ಹಾಳೆ ಹೊದೆಸಿ ಬೇಗ ಮುಗಿಸುವವರಿದ್ದಾರೆ. ಸುರಂಗಕ್ಕೂ ಗುಡ್ಡ ಬೇಕು. ಮೇಲೆ ಮುರಕಲ್ಲಿನ ಕೋರೆ ತೆಗೆದು, ಜೆಸಿಬಿಯಿಂದ ಗುಡ್ಡ ಬೋಳಿಸಿದರೆ ಕೆಳಗಿನ ಸುರಂಗಕ್ಕೆ ನೀರು ಎಲ್ಲಿಂದ ಬರಬೇಕು?

ಉಪಾಯ ಎಷ್ಟು ಒಳ್ಳೆಯದಾದರೂ ಅದನ್ನು ನಡೆಸಲು ನೆರೆಹೊರೆಯ ಒಪ್ಪಂದ ಬೇಕು. ಬೋರ್‌ವೆಲ್ ಬಂದ ಮೇಲೆ ನಮ್ಮ ಕೈತಪ್ಪಿದ್ದು ಆ ಒಪ್ಪಂದ. ಮೇಲಿನ ಗುಡ್ಡದವನೂ ಕೆಳಗಿನ ತೋಟದವನೂ ಮಾತಾಡಿಕೊಂಡರೆ ಮಾತ್ರ ನೀರು ಉಳಿಯುತ್ತದೆ.

ಈ ರಜೆಯಲ್ಲಿ ಮಕ್ಕಳಿಗೆ ನಾವು ಒಂದೇ ಮನೆಗೆಲಸ ಕೊಟ್ಟಿದ್ದೇವೆ. ನಿಮ್ಮ ಜಾಗದಲ್ಲಿ ಸುರಂಗ ಇದೆಯೇ? ಎಷ್ಟು ಕೋಲು? ಯಾರು ತೋಡಿದರು? ಈಗಲೂ ನೀರಿದೆಯೇ? ಅಜ್ಜ, ಅಜ್ಜಿಯನ್ನು ಕೇಳಿ ಬರೆಯಿರಿ. ಒಬ್ಬರೇ ಒಳಗೆ ಹೋಗಬೇಡಿ. ತೋಡಿದವರ ಹೆಸರು ಬರೆಯಲು ಮಾತ್ರ ಮರೆಯಬೇಡಿ. ಬೇರೆ ಶಾಲೆಗಳ ಮಾಸ್ತರರೂ ಟೀಚರುಗಳೂ ಇದನ್ನು ಮಾಡಿಸಿದರೆ ನಮ್ಮ ಊರಿನ ನೀರಿನ ಇತಿಹಾಸ ಮಕ್ಕಳ ಕೈಬರಹದಲ್ಲೇ ಸಿದ್ಧವಾಗುತ್ತದೆ.